‘ಮಿಲಿಟರಿ ಗ್ರೇಡ್’ ಅಂತ ಹೇಳಿದ್ದಕ್ಕೆ ತಂದ ತೋಟೆ: ಮನೆಯಲ್ಲಿ ಹಳೇ ಕೋವಿ ಇರುವವರು ದಯವಿಟ್ಟು ಓದಿ

ಬಣಕಲ್ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆ ಕೋವಿ ಇದೆ. 12 ಬೋರ್ (ಬೋರ್ ಅಂದರೆ ನಳಿಗೆ ತೂತಿನ ಅಳತೆ), ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ತೋಟದ ಇಂಗ್ಲಿಷ್ ದೊರೆ ಊರು ಬಿಟ್ಟು ಹೋಗುವಾಗ ಅಜ್ಜನಿಗೆ ಕೊಟ್ಟು ಹೋದ ಅಂತ ಅಪ್ಪ ಹೇಳುತ್ತಿದ್ದರು. ಈಗ ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ವರ್ಷಕ್ಕೆ ಎರಡು ಸಲ ಎಣ್ಣೆ ಹಾಕಿ ಒರೆಸುತ್ತೇನೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತೇನೆ, ಮುಗಿದ ಮೇಲೆ ತರುತ್ತೇನೆ. ಅದಕ್ಕಿಂತ ಜಾಸ್ತಿ ಕೆಲಸ ಅದಕ್ಕೆ ಇಲ್ಲ.

ಹಳೇ ತೋಟೆಗಳೆಲ್ಲ (ಕಾಡತೂಸುಗಳು) ಕಾಗದದ ಕವಚದವು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಥಂಡಿ ಹಿಡಿದು ಉಬ್ಬಿ ಹೋಗಿದ್ದವು. ಹೊಸದು ತರೋಣ ಅಂತ ಹೋದ ತಿಂಗಳು ಒಂದು ಅಂಗಡಿಗೆ ಹೋದೆ. ಯಾವ ಊರು, ಯಾವ ಅಂಗಡಿ ಅಂತ ಬರೆಯುವುದಿಲ್ಲ. ಒಂದು ಅಂಗಡಿಯ ವಿಷಯ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಲೂ ಇರಲಿಲ್ಲ.

ಅಂಗಡಿಯವರು ಎರಡು ಡಬ್ಬಿ ಇಟ್ಟರು. ಒಂದು ಮಾಮೂಲಿ. ಇನ್ನೊಂದಕ್ಕೆ ಸೈನ್ಯದ ಬಟ್ಟೆಯ ಹಾಗೆ ಹಸಿರು ಮಚ್ಚೆಯ ಚೀಟಿ ಅಂಟಿಸಿದ್ದರು. ಅದರ ಮೇಲೆ ದಪ್ಪಗೆ ‘ಮಿಲಿಟರಿ ಗ್ರೇಡ್’ ಅಂತ ಇತ್ತು. "ಸಾರ್, ಇದನ್ನೇ ತಗೊಳ್ಳಿ. ಮಿಲಿಟರಿಗೆ ಹೋಗೋ ಮಾಲು. ಹಂದಿ ಎದುರಿಗೆ ಬಂದ್ರೂ ಒಂದೇ ಈಡು" ಅಂದರು. ಬೆಲೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಹತ್ತು ತೋಟೆ ತಗೊಂಡೆ. ಆ ಮಾತು ಕೇಳಿ ನನಗೆ ಒಂದು ಥರ ಧೈರ್ಯ ಬಂದಿದ್ದೂ ನಿಜ.

ಮನೆಗೆ ಬಂದು ಒಂದನ್ನು ನಳಿಗೆಗೆ ಹಾಕಿ ನೋಡಿದೆ. ಸಲೀಸಾಗಿ ಹೋಯಿತು. ಕೋವಿ ಸರಿಯಾಗಿ ಮುಚ್ಚಿಕೊಂಡಿತು. ಸರಿ ಇದೆ ಅಂತ ತೆಗೆದಿಟ್ಟೆ.

ಮರುದಿನ ಗೋಣಿಬೀಡಿನಿಂದ ನನ್ನ ಸೋದರಮಾವ ಬಂದಿದ್ದರು. ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವರು, ಆಗಿದ್ದವರು. ಡಬ್ಬಿ ತಿರುಗಿಸಿ ನೋಡಿದರು. ಒಂದೂ ಮಾತಾಡದೆ ಕೋವಿ ಬಿಚ್ಚಿ ನಳಿಗೆಯ ಅಡಿಭಾಗ ನನಗೆ ತೋರಿಸಿದರು. ಅಲ್ಲಿ ಪ್ರೂಫ್ ಗುರುತುಗಳ (ನಳಿಗೆಯ ಒತ್ತಡ ಪರೀಕ್ಷೆ ಆದ ಮೇಲೆ ಹೊಡೆಯುವ ಮುದ್ರೆ) ಪಕ್ಕ ಸಣ್ಣದಾಗಿ 2½ ಅಂತ ಕೆತ್ತಿದೆ. ಡಬ್ಬಿಯ ಬದಿಯಲ್ಲಿ ಇನ್ನೂ ಸಣ್ಣದಾಗಿ 70 ಎಂಎಂ ಅಂತ ಇದೆ. 2½ ಇಂಚು ಅಂದರೆ ಹೆಚ್ಚುಕಡಿಮೆ 65 ಎಂಎಂ. ನಾನು ತಂದದ್ದು ನಮ್ಮ ಕೋವಿಗೆ ಹಾಕಲೇಬಾರದ ತೋಟೆ.

ಈ ಚೀಟಿಗೆ ನಿಜವಾಗಿ ಏನಾದರೂ ಅರ್ಥ ಇದೆಯಾ? ಬೇರೆಯವರಿಗೂ ಹೀಗೆ ಮಾರಿದ್ದಾರಾ? ಗೊತ್ತಿದ್ದವರು ಹೇಳಿ.

ಗೋಣಿಬೀಡು ಹವಾಲ್ದಾರ್

ಮೇಲೆ ಬರೆದವನು ನನ್ನ ಅಕ್ಕನ ಮಗ. ಅವನು ಬಿಟ್ಟದ್ದನ್ನು ನಾನು ಸೇರಿಸುತ್ತೇನೆ. ಸೈನ್ಯದಲ್ಲಿ 24 ವರ್ಷ ಇದ್ದೆ, ಇಎಂಇಯಲ್ಲಿ, ಅಂದರೆ ಯಂತ್ರ, ಆಯುಧ ರಿಪೇರಿ ವಿಭಾಗದಲ್ಲಿ. ಎಸ್‌ಎಲ್‌ಆರ್ ಕಾಲದಿಂದ ಇನ್ಸಾಸ್ ಬರುವವರೆಗೆ ರೈಫಲ್ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ.

ಮೊದಲು ಆ 70 ಎಂಎಂ ವಿಷಯ. ತೋಟೆಯ ಮೇಲೆ ಬರೆದಿರುವುದು ಈಡು ಹಾರಿದ ಮೇಲಿನ ಉದ್ದ. ಹಾರುವ ಮೊದಲು ಅದರ ಬಾಯಿ ಒಳಕ್ಕೆ ಮಡಚಿರುತ್ತೆ. ಹಾಗಾಗಿ 70ರ ತೋಟೆ 65ರ ಚೇಂಬರಿಗೆ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಸುಮ್ನೆ ಹೋಗಿ ಕೂರುತ್ತೆ. ಹಾರಿದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗ ಬೇಕು. ಚೇಂಬರ್ ಅಲ್ಲಿಗೇ ಮುಗಿದಿರುತ್ತೆ, ಮುಂದೆ ನಳಿಗೆ ಸಣ್ಣ ಆಗುತ್ತಾ ಹೋಗುತ್ತೆ. ಮಡಿಕೆ ಆ ಸಣ್ಣ ಜಾಗಕ್ಕೆ ಬಿಚ್ಚಿಕೊಂಡು ದಾರಿ ಕಟ್ಟುತ್ತೆ. ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಅದರೊಳಗೇ ತೂರಿ ಹೋಗಬೇಕು. ಒತ್ತಡ ಒಮ್ಮೆಲೇ ಏರುತ್ತೆ. ಹಳೇ ನಳಿಗೆ ಸೀಳುವುದು ಹೀಗೆ. ಎಡಗೈ ಇರುವುದು ಸರಿಯಾಗಿ ಅದರ ಮುಂದೆ.

"ಹಾಕಿ ನೋಡಿದೆ, ಹೋಯಿತು" ಅನ್ನುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ.

ಇನ್ನೊಂದು, ಉದ್ದ ಸರಿ ಇದ್ದರೂ ಜೋರು ಸರಿ ಇರಬೇಕು. ಯುರೋಪಿನಲ್ಲಿ ಕೋವಿ, ತೋಟೆ ಪರೀಕ್ಷೆಯ ನಿಯಮ ಮಾಡುವ ಸಿಐಪಿ ಅಂತ ಒಂದು ಮಂಡಳಿ ಇದೆ, 1914ರಿಂದ. 12 ಬೋರ್ ತೋಟೆಯ ಒತ್ತಡಕ್ಕೆ ಅವರು ಎರಡು ಮಿತಿ ಇಟ್ಟಿದ್ದಾರೆ. ಮಾಮೂಲಿಯದಕ್ಕೆ 740 ಬಾರ್, ಹೆಚ್ಚು ಜೋರಿನದಕ್ಕೆ 1050 ಬಾರ್. ಮೊದಲನೆಯದಕ್ಕೆ ಪ್ರೂಫ್ ಆದ ಕೋವಿಗೆ ಎರಡನೆಯದನ್ನು ಹಾಕುವ ಹಾಗಿಲ್ಲ. ‘ಒಂದೇ ಈಡಿಗೆ ಬೀಳುತ್ತೆ’ ಅನ್ನುವ ಮಾತಿನ ಹಿಂದೆ ಈ ಲೆಕ್ಕ ಇದೆ. ಹಂದಿಗೆ ಬೀಳುವ ಪೆಟ್ಟಿಗೆ ಮೊದಲು ಆ ಒತ್ತಡವನ್ನು ನಿಮ್ಮ ನಳಿಗೆ ತಡೆಯಬೇಕು.

ಇನ್ನು ಮಿಲಿಟರಿ ಗ್ರೇಡ್. ಸೈನ್ಯಕ್ಕೆ ಬರುವ ತೋಟೆ ಪೆಟ್ಟಿಗೆಯ ಮೇಲೆ ಬೋರ್ ಇರುತ್ತೆ, ಯಾವ ಮಾದರಿ ಅಂತ ಇರುತ್ತೆ, ಎಷ್ಟು ಸುತ್ತು, ಲಾಟ್ (ಒಟ್ಟಿಗೆ ತಯಾರಾದ ಕಂತು) ನಂಬರ್, ತಯಾರಾದ ವರ್ಷ, ಕಾರ್ಖಾನೆಯ ಗುರುತು ಇರುತ್ತೆ. ಮಿಲಿಟರಿ ಗ್ರೇಡ್ ಅಂತ ಒಂದು ಪೆಟ್ಟಿಗೆಯ ಮೇಲೂ ನಾನು ಓದಿಲ್ಲ. ಪ್ರತಿ ಲಾಟ್‌ನಿಂದ ಕೆಲವನ್ನು ತೆಗೆದು ಹೊಡೆದು ನೋಡುತ್ತಾರೆ. ಗುಣಮಟ್ಟ ನೋಡುವುದಕ್ಕೆ ಡಿಜಿಕ್ಯೂಎ ಅಂತ ಬೇರೆ ಇಲಾಖೆಯೇ ಇದೆ. ಒಂದು ಲಾಟ್ ಫೇಲ್ ಆದರೆ ಇಡೀ ಲಾಟ್ ನಿಲ್ಲುತ್ತೆ. ಆ ನಂಬಿಕೆ ಬರುವುದು ನಂಬರಿನಿಂದ ಮತ್ತು ಪರೀಕ್ಷೆಯಿಂದ. ಪದದಿಂದ ಅಲ್ಲ.

ಸೈನ್ಯ ಕೇಳುವುದೇನು ಅಂದರೆ, ರಾಜಸ್ಥಾನದ ಬಿಸಿಲಲ್ಲೂ ಸಿಯಾಚಿನ್ ಚಳಿಯಲ್ಲೂ ಹಾರಬೇಕು, ಗೋದಾಮಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡಬಾರದು, ಆ ಬೋರಿನ ಯಾವ ರೈಫಲ್‌ಗೆ ಹಾಕಿದರೂ ನಡೆಯಬೇಕು. ಆ ಲೆಕ್ಕದಲ್ಲಿ ನಮ್ಮ ಭಾವನ ಮನೆಯ ಹಳೇ ಜೋಡು ನಳಿಗೆ ಇಲ್ಲ.

ಕಳಸ ರೈಡರ್

ಅಣ್ಣ, ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ಆದರೆ ನನಗೆ ಒಂದು ಅನಿಸುತ್ತೆ. ತಪ್ಪು ಆಗಿರುವುದು ಉದ್ದ ನೋಡದೆ ಕೊಟ್ಟಿದ್ದು. ಪದದ ಮೇಲೆ ಯಾಕೆ ಇಷ್ಟು ಸಿಟ್ಟು? ನನ್ನ ಟಾರ್ಚ್ ಮೇಲೂ ಮಿಲಿಟರಿ ಗ್ರೇಡ್ ಅಂತ ಇದೆ, ಮೊಬೈಲ್ ಕವರ್ ಮೇಲೂ ಇದೆ. ಎರಡೂ ಚೆನ್ನಾಗಿವೆ. ಮಿಲಿಟರಿ ಹೋಟೆಲ್ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಸೈನ್ಯದವರಾ? ಯಾರೂ ಮೋಸ ಅನ್ನುವುದಿಲ್ಲ.

ಬಣಕಲ್ ಬೆಳೆಗಾರ

ತಮ್ಮ, ಉದ್ದ ನೋಡದೆ ಇದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಆ ಪದ ಕೇಳದೆ ಇದ್ದಿದ್ದರೆ ನಾನು ನೋಡುತ್ತಿದ್ದೆ.

ಅಪ್ಪ ಯಾವಾಗ ತೋಟೆ ತರಲು ಹೋದರೂ "ಎರಡೂವರೆ ಇಂಚಿಂದು ಕೊಡಿ" ಅಂತಲೇ ಕೇಳುತ್ತಿದ್ದರು. ಚಿಕ್ಕವನಿದ್ದಾಗ ಜೊತೆಗೆ ಹೋಗಿ ಕೇಳಿಸಿಕೊಂಡಿದ್ದೇನೆ. ನನ್ನ ಬಾಯಲ್ಲೂ ಆ ಮಾತು ಇತ್ತು. ಮಿಲಿಟರಿ ಅಂದ ಕೂಡಲೇ, ಅವರು ನೋಡಿರುತ್ತಾರೆ, ಪರೀಕ್ಷೆ ಆಗಿರುತ್ತೆ, ನಾನೇನು ಕೇಳುವುದು ಅಂತ ಅನಿಸಿಬಿಟ್ಟಿತು. ಕೇಳಬೇಕಾದ ಒಂದೇ ಪ್ರಶ್ನೆಯನ್ನು ಆ ಚೀಟಿ ನನ್ನ ಬಾಯಿಂದ ತೆಗೆಯಿತು. ನನಗೆ ಸಿಟ್ಟು ಇರುವುದು ಅದಕ್ಕೆ.

ಬೇಲೂರು ಮೇಷ್ಟ್ರು

ಮಿಲಿಟರಿ ಹೋಟೆಲ್ ಮಾತು ಬಂತಲ್ಲ, ಅದನ್ನು ಸ್ವಲ್ಪ ಯೋಚನೆ ಮಾಡೋಣ. ಮಿಲಿಟರಿ ಹೋಟೆಲ್ ಅಂದರೆ ಮುದ್ದೆ, ಮಾಂಸದ ಸಾರು, ತಲೆಕಾಲು, ಬೋಟಿ. ಬೋರ್ಡ್ ಬರೆದವನಿಗೂ ಗೊತ್ತು, ಒಳಗೆ ಹೋಗುವವನಿಗೂ ಗೊತ್ತು. ಇಬ್ಬರ ಮನಸ್ಸಿನಲ್ಲೂ ಒಂದೇ ಅರ್ಥ ಇದೆ. ಹಾಗಾಗಿ ಅಲ್ಲಿ ಮೋಸ ಇಲ್ಲ. ಈ ಚೀಟಿಯಲ್ಲಿ ಹಾಗಿಲ್ಲ. ಕೊಳ್ಳುವವನು ‘ಸೈನ್ಯ ಪರೀಕ್ಷೆ ಮಾಡಿದೆ’ ಅಂತ ಓದುತ್ತಾನೆ. ಮಾರುವವನು ಯಾವ ಪರೀಕ್ಷೆಯ ಹೆಸರನ್ನೂ ಹೇಳಿಲ್ಲ. ಕೇಳಿದರೆ ‘ಗಟ್ಟಿ ಅಂತ ಅರ್ಥ’ ಅನ್ನಬಹುದು.

ಮತ್ತೊಂದು ಹಳೆಯ ಸಂಗತಿ. ಸೈನ್ಯದ ಗುಂಡು ಅಂದರೆ ಎಲ್ಲಕ್ಕಿಂತ ಘೋರ ಅಂತ ನಮ್ಮ ಜನ ತಿಳಿದಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಕಲ್ಕತ್ತಾದ ಹತ್ತಿರ ಡಂಡಂನಲ್ಲಿ ಬ್ರಿಟಿಷರ ಶಸ್ತ್ರಾಗಾರ ಇತ್ತು. ಅಲ್ಲಿ ತುದಿ ತೆರೆದ, ಮೈಗೆ ತಾಗಿದಾಗ ಅಗಲ ಆಗುವ ಗುಂಡು ಮಾಡಿದರು. ಡಂಡಂ ಗುಂಡು ಅನ್ನುವ ಹೆಸರು ಜಗತ್ತಿಗೆಲ್ಲ ಹಬ್ಬಿತು. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ದೇಶಗಳು ಯುದ್ಧದಲ್ಲಿ ಅಂಥ ಗುಂಡು ಬಳಸಬಾರದು ಅಂತ ಘೋಷಣೆ ಮಾಡಿದವು. ಹಾಗಾಗಿ ಸೈನ್ಯಗಳ ರೈಫಲ್ ಗುಂಡಿಗೆ ಪೂರ್ತಿ ಲೋಹದ ಹೊದಿಕೆ ಇರುತ್ತೆ. ಅದು ಯುದ್ಧದ ನಿಯಮಕ್ಕೆ ತಕ್ಕ ಹಾಗೆ ಮಾಡಿದ ಗುಂಡು. ‘ಸೈನ್ಯದ್ದು’ ಅನ್ನುವುದು ಒಂದು ಉದ್ದೇಶದ ಹೆಸರು.

ಡಲ್ಲಾಸ್‌ನಲ್ಲಿರುವ ಸಕಲೇಶಪುರದವ

ಮೇಷ್ಟ್ರು ಹೇಳಿದ್ದು ಇಲ್ಲಿ ಕಣ್ಣಾರೆ ಕಾಣುತ್ತೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಪೂರ್ತಿ ಹೊದಿಕೆಯ ಗುಂಡು ಬಳಸುವ ಹಾಗಿಲ್ಲ. ತೂತು ಮಾಡಿಕೊಂಡು ಆಚೆ ಹೋಗುತ್ತೆ, ಪ್ರಾಣಿ ನರಳುತ್ತೆ ಅಂತ. ಅಂದರೆ ಆ ರಾಜ್ಯಗಳಲ್ಲಿ ‘ಮಿಲಿಟರಿ’ ಗುಂಡು ಜಿಂಕೆ ಬೇಟೆಗೆ ಕಾನೂನುಬಾಹಿರ. ಆದರೂ ಅಂಗಡಿಯಲ್ಲಿ ಅದೇ ಪದ ಕಣ್ಣಿಗೆ ಹೊಡೆಯುವ ಹಾಗೆ ಇರುತ್ತೆ.

ಕಳಸದ ತಮ್ಮನ ಮೊಬೈಲ್ ಕವರ್ ಬಗ್ಗೆ ಒಂದು ಮಾತು. ಅದರ ಮೇಲೆ ಸಾಮಾನ್ಯವಾಗಿ ಮಿಲ್-ಎಸ್‌ಟಿಡಿ-810 ಅಂತ ಒಂದು ನಂಬರ್ ಇರುತ್ತೆ. ಅದು ಅಮೆರಿಕದ ರಕ್ಷಣಾ ಇಲಾಖೆಯ ದಾಖಲೆ. ಬಿಸಿ, ಚಳಿ, ಮಳೆ, ಧೂಳು, ಬೀಳುವುದು, ಅಲುಗಾಟ, ಹೀಗೆ ಹಲವು ಪರೀಕ್ಷೆ ಅದರಲ್ಲಿವೆ. ಯಾವುದನ್ನು ಮಾಡಬೇಕು ಅಂತ ತಯಾರಕರೇ ಆರಿಸಿಕೊಳ್ಳಬಹುದು, ತಾವೇ ಮಾಡಿಕೊಳ್ಳಬಹುದು. ಇಲಾಖೆ ಬಂದು ಯಾವ ಮೊಬೈಲ್‌ಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಒಂದೇ ಪರೀಕ್ಷೆ ಮಾಡಿದವರೂ ಅದೇ ನಂಬರ್ ಹಾಕುತ್ತಾರೆ. ಕವರ್ ಒಡೆದರೆ ಹೊಸದು ತರಬಹುದು. ನಳಿಗೆ ಒಡೆದರೆ ಏನು ಅಂತ ಮಾವ ಹೇಳಿದ್ದಾರೆ.

ಕೋವಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ‘ಮಿಲ್-ಸ್ಪೆಕ್’ (ಸೈನ್ಯದ ಅಳತೆ, ಮಟ್ಟಕ್ಕೆ ತಕ್ಕದ್ದು) ಅನ್ನುವ ಮಾತು ಎಆರ್-15 ಮಾದರಿಯ ರೈಫಲ್‌ಗಳಿಗೆ ತುಂಬಾ ಬಳಸುತ್ತಾರೆ. ಕೆಲವು ಕಡೆ ಅದಕ್ಕೆ ನಿಜವಾದ ಅರ್ಥ ಇದೆ, ಅದನ್ನು ಮುಚ್ಚಿಡಬಾರದು. ಭುಜಕ್ಕೆ ಆನಿಸುವ ಹಿಂಬದಿಯ ಬಟ್ಟು ಕೂರುವ ಕೊಳವೆಯಲ್ಲಿ ಎರಡು ಅಳತೆ ಇವೆ. ಸೈನ್ಯದ ಅಳತೆ 1.148 ಇಂಚು, ಮಾರುಕಟ್ಟೆಯದು 1.168 ಇಂಚು. ಒಂದರ ಬಟ್ಟು ಇನ್ನೊಂದಕ್ಕೆ ಸರಿ ಕೂರುವುದಿಲ್ಲ. ಅಲ್ಲಿ ಮಿಲ್-ಸ್ಪೆಕ್ ಅಂದರೆ ಬರೀ ಅಳತೆ, ನಿಮಗೆ ಉಪಯೋಗಕ್ಕೆ ಬರುವ ಮಾಹಿತಿ. ತೋಟೆಯನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್‌ಗೆ ಕಾರ್ಪೆಂಟರ್ 158 ಉಕ್ಕು, ಒಂದೊಂದಕ್ಕೂ ಹೆಚ್ಚು ಒತ್ತಡದ ತೋಟೆ ಹೊಡೆದು ಬಿರುಕು ಇದೆಯಾ ಅಂತ ಕಾಂತದ ಪರೀಕ್ಷೆ, ಇವು ಕೂಡ ನಿಜವಾದ ಬೇಡಿಕೆಗಳು. ಆದರೆ ಒಂದು ಬೋಲ್ಟ್ ಹಾಗಿದೆ ಅಂತ ಇಡೀ ರೈಫಲ್‌ಗೆ ‘ಮಿಲಿಟರಿ ಗ್ರೇಡ್’ ಅಂತ ಚೀಟಿ ಹಾಕುತ್ತಾರೆ, ತಕರಾರು ಅದಕ್ಕೆ. ಇಡೀ ರೈಫಲ್ ಸೈನ್ಯದ ದಾಖಲೆಗೆ ಹೊಂದುವುದು ಸಾಧ್ಯವೇ ಇಲ್ಲ. ಇಲ್ಲಿನ ಸೈನ್ಯದ ಎಂ4 ರೈಫಲ್ ಒಂದೇ ಒತ್ತಿಗೆ ಹಲವು ಗುಂಡು ಹಾರಿಸುತ್ತೆ. 1986ರ ಮೇ ತಿಂಗಳ ನಂತರ ತಯಾರಾದ ಅಂಥದ್ದನ್ನು ಸಾಮಾನ್ಯ ಜನರಿಗೆ ಮಾರುವಂತಿಲ್ಲ. ಅಂಗಡಿಯಲ್ಲಿ ಸಿಗುವುದು ಒಂದು ಒತ್ತಿಗೆ ಒಂದೇ ಗುಂಡಿನದು.

ಇನ್ನೊಂದು ಅಪಾಯ ಇದೆ, ಅದು ನಿಮ್ಮ 65–70ರ ತಮ್ಮ ಇದ್ದ ಹಾಗೆ. ಸೈನ್ಯದ 5.56 ಎಂಎಂ ತೋಟೆ, ಮಾರುಕಟ್ಟೆಯ .223 ರೆಮಿಂಗ್ಟನ್ ತೋಟೆ, ಎರಡೂ ನೋಡಲು ಒಂದೇ. ಆದರೆ ಅವುಗಳ ಚೇಂಬರ್ ಬೇರೆ. 5.56ರ ಚೇಂಬರಿನಲ್ಲಿ ಗುಂಡು ನಳಿಗೆಯೊಳಗಿನ ಸುರುಳಿ ಗೀರು ಮುಟ್ಟುವ ಮೊದಲು ಜಾಸ್ತಿ ಜಾಗ ಇರುತ್ತೆ. .223 ಅಂತ ಮಾತ್ರ ಕೆತ್ತಿದ ನಳಿಗೆಗೆ 5.56 ಹಾಕಿದರೆ ಒತ್ತಡ ಮಿತಿ ಮೀರಬಹುದು. ‘ಮಿಲಿಟರಿಯದ್ದು, ಒಳ್ಳೆಯದು’ ಅಂತ ತಂದವನಿಗೆ ಇದನ್ನು ಯಾರು ಹೇಳುತ್ತಾರೆ?

ಹಳೇ ಸೈನ್ಯದ ಉಳಿಕೆ ತೋಟೆ ಅಂತಲೂ ಅಗ್ಗಕ್ಕೆ ಸಿಗುತ್ತೆ. ಎಷ್ಟೋ ಹಳೆಯವುಗಳ ಕೇಪಿನಲ್ಲಿ (ತೋಟೆಯ ಹಿಂದೆ ಕಿಡಿ ಹೊತ್ತಿಸುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತೆ. ಹಾರಿದ ಮೇಲೆ ಉಪ್ಪು ಉಳಿಯುತ್ತೆ, ತೇವ ಎಳೆಯುತ್ತೆ, ನಳಿಗೆ ತುಕ್ಕು ಹಿಡಿಯುತ್ತೆ. ಎಣ್ಣೆ ಹಾಕಿದರೆ ಹೋಗುವುದಿಲ್ಲ, ನೀರಿನಲ್ಲಿ ತೊಳೆದು ಒಣಗಿಸಿ ಆಮೇಲೆ ಎಣ್ಣೆ ಹಾಕಬೇಕು. ಇಲ್ಲಿನ ಒಣ ಹವೆಯಲ್ಲೇ ಹೀಗೆ. ಹಾನುಬಾಳಿನ ಮಳೆಯಲ್ಲಿ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಗುರಿ 10.9

ನಾನು ಚಿಕ್ಕಮಗಳೂರಿನವಳು, ಕಾಲೇಜಿನಲ್ಲಿ ಓದುತ್ತಿದ್ದೇನೆ, 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತೇನೆ. ಕೋವಿಗಿಂತ ಏರ್‌ಗನ್‌ನಲ್ಲಿ ಈ ಮೋಸ ಇನ್ನೂ ಜಾಸ್ತಿ. ಯಾಕೆಂದರೆ ಲೈಸೆನ್ಸ್ ಬೇಡ ಅಂತ ಯಾರು ಬೇಕಾದರೂ ತರಿಸುತ್ತಾರೆ. ಆಲ್ದೂರಿನ ನಮ್ಮ ಚಿಕ್ಕಪ್ಪ ಮಂಗ ಓಡಿಸಲು ಒಂದು ತರಿಸಿದ್ದರು. ಜಾಹೀರಾತಿನಲ್ಲಿ ‘ಮಿಲಿಟರಿ ಗ್ರೇಡ್, ಸೆಕೆಂಡಿಗೆ 1000 ಅಡಿ ವೇಗ, ಲೈಸೆನ್ಸ್ ಬೇಡ’ ಅಂತ ಇತ್ತು. ನಾನು ಕೂತು ಲೆಕ್ಕ ಹಾಕಿದೆ.

2016ರ ಶಸ್ತ್ರ ನಿಯಮಗಳ ಪ್ರಕಾರ ಏರ್‌ಗನ್‌ಗೆ ಲೈಸೆನ್ಸ್ ಬೇಡ ಅನ್ನಬೇಕಾದರೆ ಬೋರ್ 4.5 ಎಂಎಂ ಮೀರಬಾರದು, ನಳಿಗೆಯ ಬಾಯಿ ಬಿಡುವಾಗ ಪೆಲೆಟ್ಟಿನ ಶಕ್ತಿ 20 ಜೌಲ್ ಮೀರಬಾರದು. 1000 ಅಡಿ ಅಂದರೆ 305 ಮೀಟರ್. ಸೀಸದ ಮಾಮೂಲಿ ಪೆಲೆಟ್ ಸುಮಾರು 0.52 ಗ್ರಾಂ ಇರುತ್ತೆ. ತೂಕದ ಅರ್ಧವನ್ನು ವೇಗದ ವರ್ಗಕ್ಕೆ ಗುಣಿಸಿದರೆ 24 ಜೌಲ್ ಬರುತ್ತೆ. ಅಂದರೆ ಜಾಹೀರಾತು ನಿಜವಾದರೆ ಅದಕ್ಕೆ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಡ ಅನ್ನುವುದು ನಿಜವಾದರೆ ಆ ವೇಗ ಸೀಸದ ಪೆಲೆಟ್‌ನಲ್ಲಿ ಬರುವುದಿಲ್ಲ. 0.35 ಗ್ರಾಂನ ಹಗುರ ಲೋಹದ ಪೆಲೆಟ್ ಹಾಕಿದರೆ ಅದೇ ವೇಗಕ್ಕೆ 16 ಜೌಲ್. ವೇಗ ಹೇಳುವಾಗ ಹಗುರದ್ದನ್ನು ಹಾಕಿ ಅಳೆಯುವುದು ಈ ವ್ಯಾಪಾರದಲ್ಲಿ ಮಾಮೂಲು. ಚಿಕ್ಕಪ್ಪನಿಗೆ ಈ ಲೆಕ್ಕ ತೋರಿಸಿದಾಗ ಅವರಿಗೆ ಬೇಜಾರಾಯಿತು. ದುಡ್ಡಿಗಲ್ಲ. ಗೊತ್ತಿಲ್ಲದೆ ಕಾನೂನಿನ ಆಚೆ ಹೋಗಿರುತ್ತಿದ್ದೆನಲ್ಲ ಅಂತ.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಗುರಿಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಅಷ್ಟು ನಿಖರ ಇರುವ ರೈಫಲ್ ಯಾವ ಯುದ್ಧಕ್ಕೂ ಹೋಗುವುದಿಲ್ಲ. ನಾವು ಪೆಲೆಟ್ ಡಬ್ಬಿಯಲ್ಲಿ ನೋಡುವುದು ತೂಕ, ತಲೆಯ ಅಳತೆ, ಲಾಟ್. ಹವಾಲ್ದಾರ್ ಅಂಕಲ್ ಹೇಳಿದ್ದೂ ಹೀಗೇ ಅಳತೆ, ಲಾಟ್ ಅಲ್ವಾ?

ಗೋಣಿಬೀಡು ಹವಾಲ್ದಾರ್

ಹೌದು ಮಗಳೇ. ನಿನ್ನ ಲೆಕ್ಕವನ್ನು ಕಾಗದದಲ್ಲಿ ಬರೆದುಕೊಂಡಿದ್ದೇನೆ.

ಹಾಸನದ ವಕೀಲೆ

ಕಾನೂನಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಹಾಸನ, ಚಿಕ್ಕಮಗಳೂರಿನವರು ಒಂದು ಗೊಂದಲ ಬಿಡಬೇಕು. ಪಕ್ಕದ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಈಗಿನದು 2029ರವರೆಗೆ. ನಮ್ಮ ಎರಡು ಜಿಲ್ಲೆಗೆ ಅದು ಇಲ್ಲ. ನಮಗೆ 1959ರ ಶಸ್ತ್ರ ಕಾಯ್ದೆ ಪೂರ್ತಿ ಅನ್ವಯ.

‘ಮಿಲಿಟರಿಯದ್ದು’ ಅನ್ನುವ ಮಾತು ನಮ್ಮ ದೇಶದಲ್ಲಿ ಇನ್ನೊಂದು ಕಾರಣಕ್ಕೆ ಅಪಾಯ. ಸೈನ್ಯ, ಪೊಲೀಸರು ಬಳಸುವ 9 ಎಂಎಂ, .303, 7.62 ಎಂಎಂ ಇವೆಲ್ಲ ನಿಷೇಧಿತ ಬೋರ್. ಜಿಲ್ಲಾಧಿಕಾರಿ ಅದಕ್ಕೆ ಲೈಸೆನ್ಸ್ ಕೊಡಲು ಆಗುವುದಿಲ್ಲ. ನಮ್ಮ ಕಡೆ ತೋಟದ ಮನೆಗಳಲ್ಲಿ ಇರುವುದು 12 ಬೋರ್, ಕೇಪಿನ ಕೋವಿ, ಎಲ್ಲೋ ಒಂದೆರಡು .315 ರೈಫಲ್, .32 ರಿವಾಲ್ವರ್. ಇವು ಸೈನ್ಯದ ಬೋರ್ ಅಲ್ಲ ಅಂತಲೇ ಜನರಿಗೆ ಸಿಗುತ್ತಿವೆ. ಹಾಗಿರುವಾಗ ಮಾರುವವರು ‘ಸೈನ್ಯಕ್ಕೆ ಹೋಗುವ ಮಾಲು’ ಅಂದರೆ ಎರಡರಲ್ಲಿ ಒಂದು. ಸುಳ್ಳು ಆಗಿರಬೇಕು, ಇಲ್ಲವೇ ನಿಮ್ಮ ಕೈಯಲ್ಲಿ ಇರಬಾರದ ವಸ್ತು ಆಗಿರಬೇಕು. ನಿಷೇಧಿತ ಶಸ್ತ್ರ ಅಥವಾ ನಿಷೇಧಿತ ಮದ್ದುಗುಂಡು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, 14 ವರ್ಷದವರೆಗೂ ಆಗಬಹುದು. "ಅಂಗಡಿಯವರು ಹೇಳಿದರು" ಅಂತ ಹೇಳಿ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ.

ಇನ್ನು ಮೋಸದ ವಿಷಯ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 2(47)ನೇ ಕಲಂ ಅನುಚಿತ ವ್ಯಾಪಾರ ಅಂದರೆ ಏನು ಅಂತ ಹೇಳುತ್ತೆ. ಅದರ ಮೊದಲ ಸಾಲಿನಲ್ಲೇ ಇದೆ: ವಸ್ತು ಇಂಥ ಮಟ್ಟದ್ದು, ಇಂಥ ಗುಣದ್ದು, ಇಂಥ ಗ್ರೇಡ್‌ನದು ಅಂತ ಸುಳ್ಳಾಗಿ ತೋರಿಸುವುದು. ಇಂಗ್ಲಿಷ್ ಕಾಯ್ದೆಯಲ್ಲಿ ‘ಗ್ರೇಡ್’ ಅನ್ನುವ ಪದವೇ ಇದೆ. ಜಾಹೀರಾತಿನಲ್ಲಿ ಹೇಳಿದ್ದರೆ 2(28)ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು ಆಗುತ್ತೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತಯಾರಕರಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ನೀವು ಮಾಡಬಹುದಾದದ್ದು: ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದರಿಂದ ಸರಿ ಹೋಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಡಬ್ಬಿ, ಚೀಟಿ, ಬಿಲ್ ಇಟ್ಟುಕೊಳ್ಳಿ. ಬಣಕಲ್‌ನವರೇ, ನಿಮ್ಮ ಬಿಲ್ಲಿನಲ್ಲಿ ಏನು ಬರೆದಿದೆ?

ಬಣಕಲ್ ಬೆಳೆಗಾರ

ಮೇಡಂ, ಈಗ ತೆಗೆದು ನೋಡಿದೆ. ‘12 ಬೋರ್ ಕಾಡತೂಸು, 10’ ಅಂತ ಇದೆ. ಮಿಲಿಟರಿ ಅಂತ ಎಲ್ಲೂ ಇಲ್ಲ. ಉದ್ದವೂ ಇಲ್ಲ.

ಹಾಸನದ ವಕೀಲೆ

ಅದನ್ನೇ ಅಂದುಕೊಂಡೆ. ಇನ್ನು ಮುಂದೆ ಎಲ್ಲರೂ ಒಂದು ಮಾಡಿ. ಯಾರಾದರೂ ಮಿಲಿಟರಿ ಗ್ರೇಡ್ ಅಂದರೆ "ಸರಿ, ಬಿಲ್ಲಿನ ಮೇಲೆ ಹಾಗೇ ಬರೆದು ಸಹಿ ಮಾಡಿ ಕೊಡಿ" ಅನ್ನಿ. ಬರೆದುಕೊಟ್ಟರೆ ನಿಮ್ಮ ಕೈಯಲ್ಲಿ ಸಾಕ್ಷಿ ಇರುತ್ತೆ. ಬರೆಯದಿದ್ದರೆ ನಿಮಗೆ ಉತ್ತರ ಸಿಕ್ಕ ಹಾಗೆ.

ಡಲ್ಲಾಸ್‌ನಲ್ಲಿರುವ ಸಕಲೇಶಪುರದವ

ಮೇಡಂ ಹೇಳಿದ ದಾರಿಯಲ್ಲೇ ಇಲ್ಲಿ ಒಂದು ದೊಡ್ಡ ಪ್ರಕರಣ ನಡೆಯಿತು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ದೊಡ್ಡವರು ಗುಂಡಿಗೆ ಬಲಿಯಾದರು. ಇಲ್ಲಿ 2005ರ ಒಂದು ಕೇಂದ್ರ ಕಾನೂನು ಕೋವಿ ತಯಾರಕರಿಗೆ ರಕ್ಷಣೆ ಕೊಡುತ್ತೆ, ಯಾರೋ ಮಾಡಿದ ಅಪರಾಧಕ್ಕೆ ಅವರ ಮೇಲೆ ದಾವೆ ಹಾಕುವುದು ಕಷ್ಟ. ಆದರೆ ಒಂಬತ್ತು ಕುಟುಂಬಗಳು ಆ ರೈಫಲ್‌ನ ಜಾಹೀರಾತನ್ನು ಹಿಡಿದುಕೊಂಡವು. ಯುದ್ಧದ ಆಯುಧದ ಹಾಗೆ ತೋರಿಸಿ ಸಾಮಾನ್ಯ ಜನರಿಗೆ ಮಾರಿದ್ದು ಕನೆಕ್ಟಿಕಟ್ ರಾಜ್ಯದ ಅನುಚಿತ ವ್ಯಾಪಾರ ಕಾನೂನಿಗೆ ವಿರುದ್ಧ ಅಂತ ವಾದ ಮಾಡಿದವು. 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ವಾದ ಮುಂದುವರಿಯಬಹುದು ಅಂದಿತು. 2022ರ ಫೆಬ್ರವರಿಯಲ್ಲಿ ರೆಮಿಂಗ್ಟನ್ ಕಂಪನಿಯ ವಿಮೆಗಾರರು 7.3 ಕೋಟಿ ಡಾಲರ್ ಕೊಟ್ಟು ರಾಜಿಯಾದರು.

ನನ್ನ ಮಗಳೂ ಇಲ್ಲಿ ಶಾಲೆಗೆ ಹೋಗುತ್ತಾಳೆ. ಅಂಗಡಿಯಲ್ಲಿ ಆ ಪದ ಕಂಡಾಗಲೆಲ್ಲ ನನಗೆ ಆ ಪ್ರಕರಣವೇ ನೆನಪಾಗುತ್ತೆ.

ಆಲೂರು ಅಕ್ಕ

ನಾನು ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನಮ್ಮ ಕಡೆ ಈ ಪದ ಯಾಕೆ ನಡೆಯುತ್ತೆ ಅಂದರೆ ನಾವು ಹೆದರಿದ್ದೇವೆ. ಆಲೂರು, ಸಕಲೇಶಪುರ ಕಡೆ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಆನೆ ಲದ್ದಿ ಇರುತ್ತೆ. ಕಾಫಿ ಕುಯ್ಯಲು ಬಂದ ಹೆಂಗಸರು ಲೈನ್ ಮನೆಯಿಂದ ತೋಟಕ್ಕೆ ಹೋಗಲು ಹೆದರುತ್ತಾರೆ. ಹೋದ ವರ್ಷ ನಮ್ಮ ಯಜಮಾನರೂ ಇಂಥದ್ದೇ ಚೀಟಿಯ ತೋಟೆ ತಂದು ಕಪಾಟಿನಲ್ಲಿಟ್ಟು "ಇನ್ನು ಭಯ ಇಲ್ಲ" ಅಂದರು. ನನಗೆ ಅವತ್ತೇ ಸಂಕಟ ಆಯಿತು. ಭಯ ಇಲ್ಲ ಅಂದುಕೊಂಡ ಮನುಷ್ಯ ರಾತ್ರಿ ಸದ್ದು ಕೇಳಿದರೆ ಹೊರಗೆ ಹೋಗುತ್ತಾನೆ. 12 ಬೋರಿನ ಚರೆ ತಾಗಿದ ಆನೆ ಹಿಂದೆ ಹೋಗುವುದಿಲ್ಲ, ಮನುಷ್ಯನ ಮೇಲೆ ಬರುತ್ತೆ. ಅದರ ಮೇಲೆ ಗುಂಡು ಹಾರಿಸುವುದು ವನ್ಯಜೀವಿ ಕಾಯ್ದೆಯಲ್ಲಿ ದೊಡ್ಡ ಅಪರಾಧ ಬೇರೆ. ಅಂಗಡಿಯವರು ಅದನ್ನು ಹೇಳಲಿಲ್ಲ. ಮಿಲಿಟರಿ ಅಂದರು, ಅಷ್ಟೇ.

ಸದ್ದು ಕೇಳಿದರೆ ಬಾಗಿಲು ಹಾಕಿಕೊಂಡು ಆನೆ ಕಾರ್ಯಪಡೆಗೆ ಫೋನ್ ಮಾಡಿ. ನಂಬರನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಆ ತೋಟೆಗಳನ್ನು ಹಾಗೇ ವಾಪಸ್ ಕೊಡಿಸಿದೆ.

ಕಳಸ ರೈಡರ್

ಅಕ್ಕಾ, ನಿಮ್ಮ ಮಾತು ಓದಿ ಸುಮ್ನೆ ಕೂತಿದ್ದೆ. ಮೇಲೆ ನಾನು ಬರೆದದ್ದನ್ನು ವಾಪಸ್ ತಗೊಳ್ಳುತ್ತೇನೆ. ಟಾರ್ಚ್‌ಗೂ ಇದಕ್ಕೂ ಹೋಲಿಸಬಾರದಿತ್ತು.

ಒಂದು ಅನುಮಾನ. ಪ್ಲಾಸ್ಟಿಕ್ ಕವಚದ ತೋಟೆ ಮಳೆಗೆ ತಡೆಯುತ್ತೆ, ಸೈನ್ಯದವು ಹಾಗೇ ನೀರು ಹೋಗದ ಹಾಗೆ ಇರುತ್ತವೆ ಅಂತಾರೆ. ಅಷ್ಟಾದರೂ ನಿಜವಾ ಮಾವ?

ಗೋಣಿಬೀಡು ಹವಾಲ್ದಾರ್

ಅದು ನಿಜ. ರೈಫಲ್ ತೋಟೆಯ ಕೇಪಿನ ಸುತ್ತ ಅರಗಿನ ಥರ ಬಣ್ಣ ಹಚ್ಚಿ ಮುಚ್ಚಿರುತ್ತಾರೆ, ತೇವ ಒಳಗೆ ಹೋಗಬಾರದು ಅಂತ. ಹಾಗೆ ಮಾಡಿದ್ದರೆ ‘ಕೇಪಿನ ಸುತ್ತ ತೇವ ತಡೆಯುವ ಲೇಪ ಇದೆ’ ಅಂತ ಬರೆಯಬಹುದಲ್ಲ. ನಾವು ನೋಡಿ ಸರಿಯೋ ತಪ್ಪೋ ಅಂತ ಹೇಳುತ್ತೇವೆ. 12 ಬೋರಿಗೆ ಪ್ಲಾಸ್ಟಿಕ್ ಕವಚ ಇದ್ದರೆ ನಮ್ಮ ಮಳೆಗೆ ಖಂಡಿತ ಒಳ್ಳೆಯದು. ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆಯನ್ನು ಇಲ್ಲಿ ಎಷ್ಟೋ ಮನೆಯಲ್ಲಿ ಬಳಸಿದ್ದಾರೆ. ಯಾವುದೇ ಇರಲಿ, ಡಬ್ಬಿ ತಿರುಗಿಸಿ ಉದ್ದ ಓದಿ, ಚರೆಯ ನಂಬರ್ ಓದಿ, ತಯಾರಾದ ವರ್ಷ ಓದಿ. ಆಮೇಲೆ ನಿಮ್ಮ ನಳಿಗೆಯ ಅಡಿ ಓದಿ. ಎರಡೂ ಹೊಂದಿದರೆ ಮಾತ್ರ ದುಡ್ಡು ಕೊಡಿ.

ಬಣಕಲ್ ಬೆಳೆಗಾರ

ಇವತ್ತು ಅಂಗಡಿಗೆ ಹೋಗಿ ಬಂದೆ. ಜಗಳ ಆಡಲಿಲ್ಲ. ಕೋವಿಯ ಅಡಿಭಾಗದ ಫೋಟೊ ತೋರಿಸಿದೆ, ಡಬ್ಬಿಯ ಬದಿ ತೋರಿಸಿದೆ. ಹತ್ತೂ ತೋಟೆ ವಾಪಸ್ ತಗೊಂಡರು. ಲೈಸೆನ್ಸ್‌ನಲ್ಲೂ ಅವರ ರಿಜಿಸ್ಟರಿನಲ್ಲೂ ನಮೂದಿಸಿ ಬರೆದರು. 65 ಎಂಎಂ ತೋಟೆ ಸದ್ಯಕ್ಕೆ ಇಲ್ಲ, ಬಂದಾಗ ಹೇಳುತ್ತೇನೆ ಅಂದರು.

ಆ ಚೀಟಿ ಯಾರು ಅಂಟಿಸಿದ್ದು ಅಂತ ಕೇಳಿದೆ. ಮಾಲಿನ ಜೊತೆ ಸಗಟು ವ್ಯಾಪಾರಿ ಒಂದು ಕಟ್ಟು ಚೀಟಿ ಕಳಿಸಿದ್ದನಂತೆ. ಅದಕ್ಕೆ ಏನು ಅರ್ಥ ಅಂತ ಇವರೂ ಕೇಳಿರಲಿಲ್ಲ. ಉಳಿದ ಕಟ್ಟನ್ನು ನನ್ನ ಎದುರಿಗೇ ತೆಗೆದು ಒಲೆಗೆ ಹಾಕಲು ಮನೆಗೆ ಕಳಿಸಿದರು. ಒಂದು ಚೀಟಿ ನಾನು ಕೇಳಿ ತಂದಿದ್ದೇನೆ. 1915ಕ್ಕೆ ಫೋನ್ ಮಾಡಿ ಆ ಸಗಟು ವ್ಯಾಪಾರಿಯ ಮೇಲೆ ದೂರು ಕೊಟ್ಟಿದ್ದೇನೆ. ಮೇಡಂ, ಅವರು ಕೊಟ್ಟ ನಂಬರನ್ನು ನಿಮಗೆ ಕಳಿಸುತ್ತೇನೆ.

ಕಳಸ ರೈಡರ್

ಹವಾಲ್ದಾರ್ ಮಾವ, ನಮ್ಮ ಮನೆಯಲ್ಲೂ ದೊಡ್ಡಪ್ಪನ ಹೆಸರಲ್ಲಿ ಒಂದು ಒಂಟಿ ನಳಿಗೆ ಇದೆ. ನೀವು ಹೇಳಿದ ಮೇಲೆ ಅವರಿಂದ ಬಿಚ್ಚಿಸಿ ನೋಡಿದೆವು. ಅಡಿಯಲ್ಲಿ ವಜ್ರದ ಆಕಾರದೊಳಗೆ 12, ಅದರ ಕೆಳಗೆ ಸಿ ಅಂತ ಇದೆ. ಪಕ್ಕದಲ್ಲಿ ಒಂದು ಅಂಕಿ ಇತ್ತು, ತುಕ್ಕಿಗೆ ತಿಂದು ಹೋಗಿದೆ, ಓದಲು ಆಗುತ್ತಿಲ್ಲ. ಕಪಾಟಿನಲ್ಲಿ ಆರು ತೋಟೆ ಇವೆ, ಎಲ್ಲವೂ 70. ಏನು ಮಾಡೋಣ?

ಗೋಣಿಬೀಡು ಹವಾಲ್ದಾರ್

ಆ ವಜ್ರದ ಗುರುತು 12 ಬೋರ್ ಚೇಂಬರ್ ಅಂತ ಮಾತ್ರ ಹೇಳುತ್ತೆ. ಅದರಿಂದ 65ಓ 70ಓ ಅಂತ ಗೊತ್ತಾಗುವುದಿಲ್ಲ. ಅಂಕಿ ಇಲ್ಲದ ಮೇಲೆ ಗೇಜ್ ಹಾಕಿ ಅಳೆಯಬೇಕು. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಗೇಜ್ ಇರುತ್ತೆ. ನಿನ್ನ ದೊಡ್ಡಪ್ಪನೇ ಲೈಸೆನ್ಸ್ ಪುಸ್ತಕ ಹಿಡಿದು ತಗೊಂಡು ಹೋಗಬೇಕು, ನೀನು ಒಬ್ಬನೇ ಒಯ್ಯಬೇಡ. ನಳಿಗೆ ಒಳಗೆ ತುಕ್ಕಿನ ಗುಳಿ ಇದೆಯಾ ಅಂತಲೂ ನೋಡಿಸಿ. ಅಲ್ಲಿಯವರೆಗೆ ಆ ಆರು ತೋಟೆ ಒಂದು ಬೀಗದಲ್ಲಿರಲಿ, ಕೋವಿ ಇನ್ನೊಂದು ಬೀಗದಲ್ಲಿರಲಿ.

ಅಳತೆ ಎಷ್ಟು ಬಂತು ಅಂತ ಇಲ್ಲಿ ಬರೆ. ಕಾಯುತ್ತಿರುತ್ತೇನೆ.